ಎಲೆಯ ಪಕ್ಕದ ಕಾರ್ಬುರೇಟರ್

ಕಾಪುವಿನ ಮಧ್ವರಾಜ ರಾಯರ ಮನೆಯ ಹಟ್ಟಿಯಲ್ಲಿ ದನ ಇಲ್ಲದೆ ನಾಲ್ಕು ವರ್ಷವಾಗಿತ್ತು. ದನ ಕಟ್ಟುತ್ತಿದ್ದ ಗೂಟಕ್ಕೆ ಒಂದು ಮೋಟಾರ್ ಸೈಕಲ್ಲಿನ ಬರೀ ಚೌಕಟ್ಟನ್ನು ಹಗ್ಗದಿಂದ ಬಿಗಿದಿದ್ದರು. ಯುದ್ಧಕಾಲದಲ್ಲಿ ಮಿಲಿಟರಿಯವರು ಓಡಿಸಿ ಆಮೇಲೆ ಹರಾಜಿನಲ್ಲಿ ಬಿಟ್ಟ ಬಿ.ಎಸ್.ಎ. ಅದು. ರಾಯರ ಹಿರಿಯ ಮಗ ವಿಷ್ಣುಮೂರ್ತಿ ಮದುವೆಯಾದ ವರ್ಷವೇ ಹೆಂಡತಿಯ ಎರಡೆಳೆ ಸರ ಮಾರಿ ಅದನ್ನು ಗುಜರಿಯಿಂದ ತಂದಿದ್ದ. ಬಿಚ್ಚುವ ಕೆಲಸ ಮುಗಿಯಿತು, ಜೋಡಿಸುವ ಕೆಲಸ ಶುರುವಾಗುವ ಮೊದಲೇ ಕಾಮಾಲೆ ಬಂದು ಅವನು ಹೋಗಿಬಿಟ್ಟ. ಹೆಂಡತಿ ಸುಭಾಷಿಣಿಯೂ ಬೈಕೂ ಮನೆಯಲ್ಲಿ ಉಳಿದುಕೊಂಡರು. ಸೊಸೆಗೆ ಇಪ್ಪತ್ತಾರು ವರ್ಷ, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಬೈಕಿಗೆ ಮೂವತ್ತೇಳು. "ಮಗ ಬಿಟ್ಟುಹೋದದ್ದು ಎರಡು. ಒಂದಕ್ಕೆ ಮೇವು ಬೇಡ, ಅಷ್ಟೇ ಪುಣ್ಯ" ಎಂದು ರಾಯರು ಊಟಕ್ಕೆ ಕೂತಾಗ ಹೇಳುವುದಿತ್ತು, ಮಜ್ಜಿಗೆ ಬಡಿಸುವವಳಿಗೆ ಕೇಳುವ ಹಾಗೆ.

ಎಂಬತ್ತೊಂದನೆಯ ಇಸವಿಯ ಸೆಪ್ಟೆಂಬರಿನಲ್ಲಿ ಶಂಕರಪುರದ ಹೆರಾಲ್ಡ್ ಬಹರೈನಿನಿಂದ ರಜೆಗೆ ಬಂದ. ರಾಯರ ಕಿರಿಯ ಮಗ ವಿಠಲನ ಪರಿಚಯದವನು. ಒಂದು ಸಂಜೆ ಮನೆಗೆ ಬಂದವನು ಮಳೆಗೆ ಹಟ್ಟಿಯ ಮಾಡಿನಡಿ ನಿಂತ, ಚೌಕಟ್ಟು ನೋಡಿದ, ಮಳೆ ಬಿಟ್ಟರೂ ಹೊರಡಲಿಲ್ಲ.

"ನನ್ನ ಅಪ್ಪ ಇಂಥದ್ದರಲ್ಲೇ ಇಗರ್ಜಿಗೆ ಹೋಗುತ್ತಿದ್ದದ್ದು ರಾಯರೇ. ಇದು ಓಡುವ ಹಾಗೆ ಮಾಡಿ ಕೊಡಿ. ಆರು ಸಾವಿರ ಕೊಡುತ್ತೇನೆ. ನವೆಂಬರ್ ಹದಿನೈದಕ್ಕೆ ನಾನು ವಾಪಸು ಹೋಗಬೇಕು, ಅದರೊಳಗೆ ಆಗಬೇಕು."

ಆ ರಾತ್ರಿ ಊಟದಲ್ಲಿ ರಾಯರು ಸೊಸೆಯನ್ನು ಮೊದಲ ಬಾರಿಗೆ ಹೆಸರು ಹಿಡಿದು ಕರೆದರು.

"ಸುಭಾಷಿಣೀ, ಮಣಿಪಾಲದಿಂದ ಆ ಲ್ಯಾಬ್ ಕೋರ್ಸಿನ ಕಾಗದ ಬಂದಿತ್ತಲ್ಲ. ಫೀಸು ಎಷ್ಟು?"

"ಒಂಬೈನೂರು ಮಾವ. ನವೆಂಬರ್ ಮೂವತ್ತರೊಳಗೆ ಕಟ್ಟಬೇಕು. ಕಟ್ಟದಿದ್ದರೆ ಸೀಟು ಬೇರೆಯವರಿಗೆ."

"ಬೈಕು ಹೋದರೆ ಕಟ್ಟುವ. ಆದರೆ ನೀನೂ ಕೈ ಹಾಕಬೇಕು. ನನ್ನ ಕಣ್ಣಿಗೆ ಪೊರೆ ಬಂದಿದೆ, ಸಾಮಾನಿನ ಮೇಲೆ ಅಚ್ಚೊತ್ತಿದ ನಂಬರು ಕಾಣುವುದಿಲ್ಲ."

ಅತ್ತೆ ಪಂಕಜಮ್ಮ ಅಡುಗೆಮನೆಯ ಬಾಗಿಲಿನಿಂದಲೇ ಹೇಳಿದರು: "ಕೇಳಿದೆಯಾ ಸುಭಾ? ಬಾಯಿಬಿಟ್ಟು ಹೇಳಿದ್ದಾರೆ. ನೀನು ಬಿಳಿ ಕೋಟು ಹಾಕಿ ಬಸ್ಸಿಗೆ ಹೋಗುವುದನ್ನು ನಾನು ನೋಡಬೇಕು."

"ಬಿಳಿ ಕೋಟು ಆಮೇಲೆ. ಸಾರಿಗೆ ಉಪ್ಪು ಹೆಚ್ಚಾಗಿದೆ" ಎಂದರು ರಾಯರು.

ರಾಯರು ಉಡುಪಿಯ ಒಂದು ಬಸ್ ಕಂಪೆನಿಯಲ್ಲಿ ಮೂವತ್ತೆರಡು ವರ್ಷ ಸ್ಟೋರ್ ಕೀಪರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಮನೆಯೇ ಅವರ ಸ್ಟೋರು. ಹಟ್ಟಿಯಲ್ಲಿ ಬಿದ್ದಿದ್ದ ಒಂದೊಂದು ಬೋಲ್ಟಿಗೂ ನೂಲು ಕಟ್ಟಿ, ರಟ್ಟಿನ ಚೀಟಿ ತೂಗಿಸಿ, ಇರುವುದು, ಇಲ್ಲದ್ದು, ಸಂಶಯದ್ದು ಎಂದು ಮೂರು ಪಟ್ಟಿ ಮಾಡಿಸಿದರು. ಬರೆಯುವುದು, ತೊಳೆಯುವುದು ಸುಭಾಷಿಣಿಯ ಪಾಲಿಗೆ ಬಂತು. ಬೆಳಗ್ಗಿನ ಗಂಜಿ ಮುಗಿದು ಪಾತ್ರೆ ತೊಳೆದ ಮೇಲೆ ಅವಳು ಗೇರು ಚಕ್ರಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ, ತೆಂಗಿನ ನಾರಿನಿಂದ ಉಜ್ಜಿ, ಮಧ್ಯಾಹ್ನದ ಅಡುಗೆಯ ಹೊತ್ತಿಗೆ ಸೀಗೆಪುಡಿಯಲ್ಲಿ ಕೈ ತೊಳೆಯುತ್ತಿದ್ದಳು. ರೇಷನ್ ಕಾರ್ಡಿನ ಸೀಮೆಎಣ್ಣೆ ಹತ್ತು ದಿನದಲ್ಲಿ ಖಾಲಿಯಾಯಿತು.

"ಅನ್ನ ಸೀಮೆಎಣ್ಣೆ ನಾರುತ್ತದೆ" ಎಂದ ವಿಠಲ.

"ಹಾಗಾದರೆ ನೀನು ತೊಳಿ" ಎಂದರು ಪಂಕಜಮ್ಮ.

"ನನಗೆ ಇಂಗ್ಲಿಷ್ ನಂಬರು ಓದಲಿಕ್ಕೆ ಬರುವುದಿಲ್ಲ ಅಮ್ಮ. ನಾನು ಎಸ್ಸೆಸ್ಸೆಲ್ಸಿ ಫೇಲು. ಅತ್ತಿಗೆ ಗ್ರ್ಯಾಜುಯೇಟ್."

ಇಲ್ಲದ್ದರ ಪಟ್ಟಿಯಲ್ಲಿ ದೊಡ್ಡವು ಎರಡೇ ಉಳಿದವು. ಕಿಡಿ ಹುಟ್ಟಿಸುವ ಮ್ಯಾಗ್ನೆಟೋ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್. ಇವೆರಡು ಇಲ್ಲದಿದ್ದರೆ ಉಳಿದದ್ದೆಲ್ಲ ಕಬ್ಬಿಣದ ತೂಕಕ್ಕೆ ಹೋಗುವ ಸಾಮಾನು. ಹೊಸದು ಈ ದೇಶದಲ್ಲಿ ಸಿಗುವುದಿಲ್ಲ. ಇಂಥದ್ದೇ ಇನ್ನೊಂದು ಬೈಕು ಎಲ್ಲಿ ಸತ್ತು ಬಿದ್ದಿದೆ ಎಂದು ಹುಡುಕಿ ಅದರಿಂದ ಕಿತ್ತು ತರಬೇಕು.

ಮ್ಯಾಗ್ನೆಟೋ ಮಲ್ಪೆಯಲ್ಲಿ ಸಿಕ್ಕಿತು. ಐಸ್ ಪ್ಲಾಂಟಿನ ಹಿಂದೆ ಬೂಬ ಎನ್ನುವವನ ಗುಜರಿ ಶೆಡ್ಡು. ಹಳೆಯ ಬೋಟಿನ ಇಂಜಿನು, ತುಕ್ಕು ಹಿಡಿದ ಸಂಕೋಲೆ, ಮೀನಿನ ವಾಸನೆ. ಬೂಬ ನೂರೈವತ್ತು ಹೇಳಿದ. ರಾಯರು ನಲವತ್ತು ಹೇಳಿದರು. ಬೂಬ ನಕ್ಕ.

"ಭಟ್ರೇ, ನಲವತ್ತಕ್ಕೆ ನಾನು ನಿಮಗೆ ಅರ್ಧ ಬುಟ್ಟಿ ಬಂಗುಡೆ ಕೊಡುತ್ತೇನೆ. ಬೇಕಾ?"

ಸುಭಾಷಿಣಿ ಒಂದು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಸೆರಗಿನ ತುದಿಯಿಂದ ಮ್ಯಾಗ್ನೆಟೋದ ಮೇಲಿನ ಗ್ರೀಸು ಒರಸಿ ಅಂಕಿಗಳನ್ನು ಬೈಕಿನ ಜೊತೆ ಬಂದಿದ್ದ ಕೈಪಿಡಿಗೆ ಹೋಲಿಸುತ್ತಿದ್ದಳು. ಬೂಬ ಅವಳ ಬರಿಗೊರಳನ್ನು ನೋಡಿದ.

"ಇವರು ಯಾರು?"

"ನನ್ನ ಸೊಸೆ. ಮಗ ಹೋಗಿ ಮೂರು ವರ್ಷ. ಬೈಕು ಅವನದ್ದೇ."

ಬೂಬ ಬೀಡಿ ಆರಿಸಿದ. "ನನ್ನ ತಮ್ಮನ ಹೆಂಡತಿಯೂ ಇದೇ ಪ್ರಾಯ. ದೋಣಿ ಬಂತು, ಅವನು ಬರಲಿಲ್ಲ." ಮ್ಯಾಗ್ನೆಟೋವನ್ನು ಗೋಣಿಯ ತುಂಡಿನಲ್ಲಿ ಸುತ್ತಿ ಅವಳ ಕೈಯಲ್ಲೇ ಇಟ್ಟ. "ಕೊಂಡುಹೋಗಿ ಅಮ್ಮ. ಹಣ ಬೇಡ."

ಬಸ್ಸಿನಲ್ಲಿ ರಾಯರು ಕಟಪಾಡಿ ದಾಟಿದ ಮೇಲೆ ಹೇಳಿದರು: "ಇಷ್ಟು ದಿನ ನಿನ್ನನ್ನು ಮನೆಯೊಳಗೆ ಕೂರಿಸಿ ತಪ್ಪು ಮಾಡಿದೆ."

ಅವಳು ಅದನ್ನು ಹೊಗಳಿಕೆ ಎಂದುಕೊಂಡಳು. ಇಳಿಯುವ ಮೊದಲು ಅವರು ಉಳಿದದ್ದನ್ನು ಹೇಳಿದರು.

"ಇನ್ನು ಹೊರಗೆ ಬರುವಾಗ ಹಣೆಗೆ ಆ ಕಪ್ಪು ಬೊಟ್ಟು ಬೇಡ. ಹೂವಿನ ಅಚ್ಚಿನ ಸೀರೆಯೂ ಬೇಡ. ನಿನ್ನ ಅತ್ತೆಯ ಅಮ್ಮನ ಬಿಳಿ ಸೀರೆ ಉಂಟು ಪೆಟ್ಟಿಗೆಯಲ್ಲಿ. ಅದು ಸಾಕು."

ಪಂಕಜಮ್ಮ ಆ ಸೀರೆ ತೆಗೆದುಕೊಡಲು ಒಪ್ಪಲಿಲ್ಲ. ಗಂಡ ಹೆಂಡತಿಗೆ ಮಾತಿಗೆ ಮಾತು ಬೆಳೆಯಿತು.

"ಅದು ಮಡಿಹೆಂಗಸಿನ ಸೀರೆ. ಈ ಮಗುವಿಗೆ ಅದನ್ನು ಉಡಿಸುತ್ತೀರಾ?"

"ಮಗು ಅಲ್ಲ, ವಿಧವೆ. ನಾನು ಮಾಡಿದ್ದಲ್ಲ ಅವಳನ್ನು ಹಾಗೆ."

"ನೀವು ಅವಳನ್ನು ತೋರಿಸಿ ಬೇಡುತ್ತಿದ್ದೀರಿ."

"ಬೇಡುತ್ತಿಲ್ಲ. ಉಳಿಸುತ್ತಿದ್ದೇನೆ. ಫೀಸು ಆಕಾಶದಿಂದ ಬೀಳುತ್ತದಾ?"

ಕೊನೆಗೆ ಸುಭಾಷಿಣಿಯೇ ಪೆಟ್ಟಿಗೆ ತೆರೆದು ಸೀರೆ ತೆಗೆದುಕೊಂಡಳು. "ಒಂದೆರಡು ಸಲ ಅಲ್ವಾ ಅತ್ತೆ, ಎಂತ ಆಗುತ್ತದೆ?" ಎಂದಳು. ಸೀರೆಯಲ್ಲಿ ನುಸಿಗುಳಿಗೆಯ ವಾಸನೆ ಇತ್ತು.

ಕಾರ್ಬುರೇಟರ್ ಇರುವ ಸುದ್ದಿ ಕಾರ್ಕಳದಿಂದ ಬಂತು. ದೀಪಾವಳಿಗೆ ಒಂದು ವಾರ ಇತ್ತು. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ, ನಂದಿಕೂರು, ಬೆಳ್ಮಣ್ಣು ದಾಟಿ ಮಾವ ಸೊಸೆ ಹೋದರು. ಗ್ಲ್ಯಾಡಿಸ್ ಬಾಯಮ್ಮ ಎಪ್ಪತ್ತು ದಾಟಿದ ಒಂಟಿ ಹೆಂಗಸು. ಅವರ ಗಂಡನ ಬೈಕು ಕೋಳಿಗೂಡಿನ ಪಕ್ಕ ನಿಂತಿತ್ತು. ಹ್ಯಾಂಡಲಿನ ಮೇಲೆ ಒಂದು ಹೇಂಟೆ ಕೂತಿತ್ತು. ಟಾಯರು ಮಣ್ಣಾಗಿದ್ದರೂ ಕಾರ್ಬುರೇಟರಿಗೆ ಯಾರೋ ಬಟ್ಟೆ ಕಟ್ಟಿ ಕಾಪಾಡಿದ್ದರು.

ರಾಯರು ಕೊಡೆ ಮಡಚಿ ತಲೆ ತಗ್ಗಿಸಿ ನಿಂತು ಹೇಳಿದರು: "ನನ್ನ ಸೊಸೆ ಬಾಯಮ್ಮ. ಬೈಕು ಅವಳ ಗಂಡನದ್ದು. ಅದರ ಶಬ್ದ ಒಮ್ಮೆ ಕೇಳಬೇಕು ಅಂತ ಅವಳ ಆಸೆ. ಬೇರೆ ಎಂತದೂ ಇಲ್ಲ."

ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಆ ಶಬ್ದವಾ ರಾಯರೇ... ನಮ್ಮವರು ಆನೆಕೆರೆಯ ತಿರುವಿನಲ್ಲಿ ಇರುವಾಗಲೇ ನನಗೆ ಇಲ್ಲಿ ಕೇಳುತ್ತಿತ್ತು. ಚಾಕ್ಕೆ ನೀರು ಇಡುತ್ತಿದ್ದೆ. ಅವರು ಗೇಟು ತೆಗೆಯುವಾಗ ನೀರು ಕುದಿಯುತ್ತಿತ್ತು." ಸುಭಾಷಿಣಿಯ ಕೆನ್ನೆ ಮುಟ್ಟಿದರು. "ನೀನೂ ಹಾಗೇ ಚಾ ಇಡುತ್ತಿದ್ದೆಯಾ ಮಗಳೇ?"

ಬೈಕು ಮನೆಗೆ ಬಂದಂದಿನಿಂದ ಒಂದು ಸಲವೂ ಶಬ್ದ ಮಾಡಿದ್ದಿಲ್ಲ. ಅವಳು ಮಾವನನ್ನು ನೋಡಿದಳು. ಮಾವ ಕೊಡೆಯ ತುದಿಯನ್ನು ನೋಡುತ್ತಿದ್ದರು.

"ಹೌದು ಬಾಯಮ್ಮ" ಎಂದಳು.

ಗ್ಲ್ಯಾಡಿಸ್ ತಾವೇ ಸ್ಪ್ಯಾನರು ತಂದುಕೊಟ್ಟರು. ಹಣದ ಮಾತೆತ್ತಲು ಬಿಡಲಿಲ್ಲ. "ಸ್ಟಾರ್ಟ್ ಆದ ದಿನ ನನಗೊಂದು ಕಾರ್ಡು ಹಾಕು. ಅದೇ ಬೆಲೆ." ಹೊರಡುವಾಗ ಅಂಗಳದ ಮರದ ಕಾಂಡಕ್ಕೇ ಗೊಂಚಲಾಗಿ ಜೋತಿದ್ದ ಹುಳಿ ಬಿಂಬುಳಿ ಕಾಯಿಗಳನ್ನು ಎರಡು ಕೈಯಿಂದ ಕಿತ್ತು ಸುಭಾಷಿಣಿಯ ಚೀಲಕ್ಕೆ ತುಂಬಿದರು. "ಉಪ್ಪಿನಕಾಯಿ ಹಾಕಿ. ನಮ್ಮಲ್ಲಿ ತಿನ್ನುವವರಿಲ್ಲ."

ಬಸ್ಸಿನಲ್ಲಿ ರಾಯರು ಕಾರ್ಬುರೇಟರನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು: "ಹೌದು ಬಾಯಮ್ಮ ಅಂದೆಯಲ್ಲ, ಅದು ಸರಿ. ಆದರೆ ತಡ ಮಾಡಿದೆ. ಇನ್ನೊಮ್ಮೆ ಕೇಳಿದರೆ ಕೂಡಲೇ ಹೇಳು."

ಮೂರು ದಿನ ಬಿಟ್ಟು, ಸಂಜೆ ನಾಲ್ಕರ ಹೊತ್ತಿಗೆ, ಅವಳು ಹಟ್ಟಿಗೆ ಕಾಪಿ ಕೊಂಡುಹೋಗುತ್ತಿದ್ದಳು. ಒಳಗೆ ತಂದೆ ಮಗ ಮಾತಾಡುತ್ತಿದ್ದರು. ಅವಳು ತಡಿಕೆಯ ಈಚೆ ನಿಂತಳು.

"ಅಪ್ಪಯ್ಯ, ಹೆರಾಲ್ಡ್ ಒಪ್ಪಿದ. ಬೈಕು ಕೊಟ್ಟರೆ ನನಗೆ ವೀಸಾ. ಏಜೆಂಟನ ಖರ್ಚು, ಟಿಕೇಟು ಎಲ್ಲ ಅವನದ್ದೇ. ಕೈಗೆ ಹಣ ಕೊಡುವುದಿಲ್ಲ."

"ಹಣ ಎಂತಕ್ಕೆ? ನೀನು ಹೋದರೆ ಸಾಕು."

"ಅತ್ತಿಗೆಯ ಫೀಸು?"

"ಎಂತ ಫೀಸು? ಅವಳು ಬಿಳಿ ಕೋಟು ಹಾಕಿ ಹೊರಟರೆ ಈ ಮನೆಯಲ್ಲಿ ನೀರು ಸೇದುವುದು ಯಾರು?"

"ನೀವು ಅವಳಿಗೆ ಮಾತು ಕೊಟ್ಟಿದ್ದೀರಲ್ಲ."

"ಕರು ಸತ್ತ ದನ ಹಾಲು ಇಳಿಸಬೇಕಾದರೆ ಎಂತ ಮಾಡುತ್ತಾರೆ ಮಾರಾಯ? ಕರುವಿನ ತೊಗಲಿಗೆ ಹುಲ್ಲು ತುಂಬಿ ಎದುರಿಗೆ ನಿಲ್ಲಿಸುತ್ತಾರೆ. ದನಕ್ಕೂ ಗೊತ್ತಿರುತ್ತದೆ. ಆದರೂ ನೆಕ್ಕುತ್ತದೆ."

ವಿಠಲ ನಕ್ಕ. ಅವಳು ಒಳಗೆ ಹೋಗಿ ಎರಡು ಲೋಟ ಇಟ್ಟಳು.

"ಸಕ್ಕರೆ ಕಡಿಮೆ" ಎಂದರು ರಾಯರು.

ಅವಳು ಸಕ್ಕರೆ ತಂದುಕೊಟ್ಟಳು.

ಆ ರಾತ್ರಿ ಊಟದ ಹೊತ್ತಿಗೆ ರಾಯರು ಎಂದಿಗಿಂತ ಗೆಲುವಾಗಿದ್ದರು. "ಇನ್ನು ಜೋಡಿಸುವುದೊಂದೇ ಬಾಕಿ. ಹೆರಾಲ್ಡ್ ಬರುವಾಗ ಒಂದೊಂದು ಸಾಮಾನೂ ಹಿತ್ತಾಳೆ ದೀಪದ ಹಾಗೆ ಹೊಳೆಯಬೇಕು" ಎಂದರು. ಪಂಕಜಮ್ಮ ಒಳಗಿನಿಂದ ಅದನ್ನು ಕೇಳಿಸಿಕೊಂಡರು.

ಮರುದಿನ ಮಧ್ಯಾಹ್ನ ಅವರು ಸೊಸೆಗೆ ಹೇಳಿದರು: "ಸುಭಾ, ನಿನ್ನ ಮುಖ ಬತ್ತಿಹೋಗಿದೆ. ಇವತ್ತು ಹಟ್ಟಿಯ ಕೆಲಸ ಬೇಡ, ಮಲಗು. ನಿನ್ನ ಪಾಲಿನದ್ದೂ ಒಂದು ನಾನೇ ಮಾಡಿಟ್ಟಿದ್ದೇನೆ."

ಎಂತ ಮಾಡಿಟ್ಟಿದ್ದಾರೆ ಎಂದು ಸಂಜೆ ಬಾವಿಗೆ ಹೋದಾಗ ತಿಳಿಯಿತು. ಬಾವಿಕಟ್ಟೆಯ ಬಳಿ ಹಬ್ಬದ ದೀಪಗಳನ್ನು ನೆನೆಹಾಕುವ ಮಣ್ಣಿನ ಬಾನಿ ಇತ್ತು. ಆ ಮನೆಯಲ್ಲಿ ದೀಪ ಬೆಳಗುವುದು ಹುಣಿಸೆಯಿಂದಲ್ಲ. ಬಿಂಬುಳಿ ಜಜ್ಜಿ, ಕಲ್ಲುಪ್ಪು ಹಾಕಿ, ಆ ರಸದಲ್ಲಿ ಎರಡು ರಾತ್ರಿ ಮುಳುಗಿಸಿಟ್ಟು ಆಮೇಲೆ ಬೂದಿಯಲ್ಲಿ ತಿಕ್ಕುವುದು. ಪಂಕಜಮ್ಮನ ಅತ್ತೆಯ ಕಾಲದಿಂದ ಬಂದ ಕ್ರಮ. ಸುಭಾಷಿಣಿ ಬಾನಿಯ ಮುಚ್ಚಳದ ಮೇಲಿನ ಕಲ್ಲು ಎತ್ತಿ, ಹಲಗೆ ಸರಿಸಿದಳು. ನಾಲ್ಕು ಹಿತ್ತಾಳೆ ದೀಪ, ಆರತಿ ತಟ್ಟೆ, ಗಂಟೆ. ಅವುಗಳ ನಡುವೆ, ದೀಪದ ಕಂಬಕ್ಕೆ ಒರಗಿ, ರಟ್ಟಿನ ಚೀಟಿಯ ಸಮೇತ, ಗ್ಲ್ಯಾಡಿಸರ ಕಾರ್ಬುರೇಟರ್.

ಅದರ ಮೈಯಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದವು.

ಕಾರ್ಬುರೇಟರಿನ ಮೈ ಸತುವಿನ ಎರಕ. ಹಿತ್ತಾಳೆಯನ್ನು ಮುಟ್ಟಿಕೊಂಡಿದೆ, ಸುತ್ತ ಹುಳಿ ಮತ್ತು ಉಪ್ಪು. ಬಿ.ಎಸ್ಸಿ.ಯ ಎರಡನೆಯ ವರ್ಷದಲ್ಲಿ ಗಾಜಿನ ಬೀಕರಿನಲ್ಲಿ ಸತು, ತಾಮ್ರದ ಪಟ್ಟಿ ಇಳಿಸಿ ಇದನ್ನೇ ಮಾಡಿಸಿದ್ದರು. ಮೀಟರಿನ ಮುಳ್ಳು ಅಲ್ಲಾಡಿದಾಗ ಹುಡುಗಿಯರೆಲ್ಲ ಬಗ್ಗಿ ನೋಡಿದ್ದರು. ಇನ್ನೊಂದು ಲೋಹ ಹಾಗೇ ಉಳಿಯುತ್ತದೆ, ಸತು ಕರಗುತ್ತದೆ. ಹಾಕಿ ನಾಲ್ಕೈದು ಗಂಟೆ ಆಗಿರಬಹುದು. ಈಗ ತೆಗೆದು ನೀರಿನಲ್ಲಿ ತೊಳೆದರೆ ಉಳಿದೀತು.

ಅವಳು ಹಲಗೆ ಮುಚ್ಚಿ ಮೇಲೆ ಕಲ್ಲು ಇಟ್ಟಳು. ಎರಡು ಕೊಡ ನೀರು ಸೇದಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಬಟ್ಟೆ ಒಗೆಯಲು ಬಂದಾಗ ಇನ್ನೊಮ್ಮೆ ತೆಗೆದು ನೋಡಿದಳು. ರಸ ಮಸುಕಾಗಿತ್ತು. ಚೀಟಿಯಲ್ಲಿ ಅವಳೇ ಬರೆದ ಅಕ್ಷರ ಅಳಿಸಿಹೋಗಿತ್ತು. ಮತ್ತೆ ಮುಚ್ಚಿದಳು.

ನೀರು ತುಂಬುವ ಹಬ್ಬದ ದಿನ ಪಂಕಜಮ್ಮ ದೀಪಗಳನ್ನು ತೆಗೆದು ತೊಳೆದರು. ಬಂಗಾರದ ಹಾಗೆ ಹೊಳೆದವು. ಕೊನೆಗೆ ಕಾರ್ಬುರೇಟರನ್ನು ಎತ್ತಿ ಸೆರಗಿನಿಂದ ಒರಸಿದಾಗ ಬೂದಿಬಣ್ಣದ ಹುಡಿ ಕೈಗೆ ಹತ್ತಿತು. ಮೈ ತುಂಬ ಸಿಡುಬಿನ ಕಲೆಯ ಹಾಗೆ ಹೊಂಡಗಳು. ಸ್ಕ್ರೂ ಕೂರುವ ಕಡೆ ಎಳೆಗಳೇ ಇಲ್ಲ. ಬೋಲ್ಟು ಹಾಕುವ ಒಂದು ಕಿವಿ ಮುಟ್ಟಿದ ಕೂಡಲೇ ಮುರಿದು ಬಿತ್ತು.

ರಾಯರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮುರಿದ ತುಂಡನ್ನು ಅಂಗೈಯಲ್ಲಿ ಹಿಡಿದು, "ಯಾರು?" ಎಂದರು.

"ನಾನು" ಎಂದರು ಪಂಕಜಮ್ಮ. "ದೀಪದ ಹಾಗೆ ಹೊಳೆಯಬೇಕು ಅಂತ ನೀವೇ ಹೇಳಿದಿರಿ."

ರಾಯರು ಸೊಸೆಯ ಕಡೆ ತಿರುಗಿದರು. "ನೀನು ರಸಾಯನಶಾಸ್ತ್ರ ಅಲ್ವಾ? ಇದನ್ನು ಬಿಂಬುಳಿಯಲ್ಲಿ ಹಾಕಿದರೆ ಎಂತ ಆಗುತ್ತದೆ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾವ. ಆದರೆ ಬಾನಿಯಲ್ಲಿ ಇದು ಇದ್ದದ್ದು ಗೊತ್ತಿರಲಿಲ್ಲ."

ಪಂಕಜಮ್ಮ ಸೊಸೆಯ ಮುಖ ನೋಡಿದರು. ನೋಡಿ, ದೀಪಗಳನ್ನು ಎತ್ತಿಕೊಂಡು ದೇವರ ಕೋಣೆಗೆ ಹೋದರು.

ಮಧ್ಯಾಹ್ನ ರಾಯರು ಮಣೆಯ ಮೇಲೆ ಕೂತು, ಎದುರಿಗೆ ಇನ್ನೊಂದು ಮಣೆ ಹಾಕಲು ಹೇಳಿದರು. ಮೂವತ್ತೆಂಟು ವರ್ಷದಲ್ಲಿ ಒಂದು ದಿನವೂ ಹೆಂಡತಿ ಅವರ ಎದುರು ಕೂತು ಉಂಡದ್ದಿಲ್ಲ. ಗಂಡಸರದ್ದು ಮುಗಿದ ಮೇಲೆ ಅಡುಗೆಮನೆಯಲ್ಲಿ ಹೆಂಗಸರಿಗೆ. ಅವತ್ತು ಕರೆದು ಕೂರಿಸಿದರು. ಎಲೆ ಹಾಕಿಸಿದರು. ಎಲೆಯ ಬಲಗಡೆ, ನೀರಿನ ಲೋಟ ಇಡುವ ಜಾಗದಲ್ಲಿ, ಆ ಕಾರ್ಬುರೇಟರನ್ನು ಇಟ್ಟರು.

"ಕಷ್ಟಪಟ್ಟು ಬೆಳಗಿದ್ದೀಯಲ್ಲ. ನೋಡುತ್ತಾ ಉಣ್ಣು."

"ಅಪ್ಪಯ್ಯ, ಒಂದು ಬತ್ತಿ ಹಾಕಿ ಹಚ್ಚಿಟ್ಟರೆ ಇನ್ನೂ ಚೆನ್ನಾಗಿತ್ತು" ಎಂದ ವಿಠಲ. ವೀಸಾ ಕೈ ತಪ್ಪುವ ಸಿಟ್ಟು ಅವನಿಗೆ.

ಅದು ಒಂದು ದಿನಕ್ಕೆ ಮುಗಿಯಲಿಲ್ಲ. ದಿನಕ್ಕೆ ಎರಡು ಹೊತ್ತು, ಎಲೆ ಹಾಕಿದ ಕೂಡಲೇ ರಾಯರು ಅಲಮಾರಿಯಿಂದ ಅದನ್ನು ತಂದು ಇಡುವರು. ಊಟ ಮುಗಿದ ಮೇಲೆ ಒರಸಿ ಒಳಗಿಡುವರು. ಬಡಿಸುವವಳು ಸುಭಾಷಿಣಿ. ಸೌತೆಕಾಯಿ ಹುಳಿ, ಹರಿವೆ ಪಲ್ಯ, ಹಬ್ಬದ ದಿನ ಪಾಯಸ. ಪಂಕಜಮ್ಮ ತಲೆ ಎತ್ತುತ್ತಿರಲಿಲ್ಲ. ಮೊದಲು ಎರಡನೆಯ ಸಲದ ಅನ್ನ ಬಿಟ್ಟರು, ಆಮೇಲೆ ಹುಳಿ ಬಿಟ್ಟರು, ಕಡೆಗೆ ಮಜ್ಜಿಗೆಯಲ್ಲಿ ಎರಡು ತುತ್ತು ಕಲಸಿ ಏಳತೊಡಗಿದರು. ರವಿಕೆ ತೋಳಿನಲ್ಲಿ ಸಡಿಲಾಯಿತು. ಬಡಿಸಲು ಬಗ್ಗಿದಾಗ ಒಂದೊಂದು ಸಲ ಅವರು ಕಣ್ಣೆತ್ತಿ ಸೊಸೆಯನ್ನು ನೋಡುವರು. ಅವಳು ಸೌಟಿನ ಕಡೆ ನೋಡುವಳು.

"ಮಾವ, ಸಾಕಲ್ಲ" ಎಂದಳು ಒಂದು ದಿನ.

"ಯಾಕೆ? ನಿನ್ನ ಎಲೆಯ ಪಕ್ಕ ಇಡಬೇಕಾ?" ಎಂದರು ರಾಯರು. ಪಂಕಜಮ್ಮನ ಕೈ ಎಲೆಯ ಮೇಲೆ ನಿಂತಿತು. ಸುಭಾಷಿಣಿ ಮಜ್ಜಿಗೆ ಬಡಿಸಿ ಒಳಗೆ ಹೋದಳು.

ಕಾರ್ಕಳದಿಂದ ಒಂದು ಕಾರ್ಡು ಬಂತು. ಶಬ್ದ ಹೇಗುಂಟು ಮಗಳೇ, ಎಂದು ಮಾತ್ರ ಬರೆದಿತ್ತು. "ಚೆನ್ನಾಗಿ ಉಂಟು, ಊರೆಲ್ಲ ಕೇಳುತ್ತದೆ ಅಂತ ಬರಿ" ಎಂದರು ರಾಯರು. "ಆ ಮುದುಕಿಯ ಬೈಕಿನಲ್ಲಿ ಇನ್ನೂ ಬೇರೆ ಸಾಮಾನು ಉಂಟು." ಅವಳು ಬರೆದಳು.

ಹೆರಾಲ್ಡ್ ನವೆಂಬರ್ ಹದಿಮೂರಕ್ಕೆ ಬಂದ. ಬೈಕು ನಿಂತಿತ್ತು, ಬಣ್ಣ ಬಳಿದಿತ್ತು, ಕಾರ್ಬುರೇಟರ್ ಇರಬೇಕಾದ ಕಡೆ ತೂತು. ಅವನು ಸೀಟಿನ ಮೇಲೆ ಕೈ ಸವರಿದ. "ಪರವಾಗಿಲ್ಲ ರಾಯರೇ. ಬರುವ ವರ್ಷ ರಜೆಗೆ ಬರುವಾಗ ಆಗಿರಲಿ. ವಿಠಲನ ವಿಷಯವೂ ಆಗ ನೋಡುವ." ವಿಠಲ ಆ ದಿನ ಊಟಕ್ಕೆ ಬರಲಿಲ್ಲ. ಪಂಕಜಮ್ಮನ ಎದುರು ಕಾರ್ಬುರೇಟರ್ ಬಂತು.

ನವೆಂಬರ್ ಇಪ್ಪತ್ತೊಂಬತ್ತು, ಆದಿತ್ಯವಾರ. ಮಧ್ಯಾಹ್ನ ರಾಯರು ಮಲಗಿದ್ದರು. ಅಡುಗೆಮನೆಯಲ್ಲಿ ಸುಭಾಷಿಣಿ ಅಕ್ಕಿ ಆರಿಸುತ್ತಿದ್ದಳು. ಪಂಕಜಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಒಂದು ಬಟ್ಟೆಯ ಗಂಟು ತೆಗೆದು ಅವಳೆದುರು ಬಿಚ್ಚಿದರು. ಎರಡು ಕೆಂಪು ಕಲ್ಲಿನ ಬೆಂಡೋಲೆ.

"ಇವು ನನ್ನ ತವರಿನವು. ಉಡುಪಿಯಲ್ಲಿ ಕೇಳಿಸಿದ್ದೆ, ಸಾವಿರ ಬರುತ್ತದಂತೆ."

ಸುಭಾಷಿಣಿ ಅಕ್ಕಿಯಿಂದ ಕೈ ತೆಗೆದಳು.

"ಅವರು ನಿನ್ನ ಫೀಸು ಕಟ್ಟುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲವಾ? ಮೂವತ್ತೆಂಟು ವರ್ಷ ಅವರಿಗೆ ಬಡಿಸಿದ್ದೇನೆ. ಬೈಕು ಹೋಗಲಿ, ಅವರು ಕೊಡದಿದ್ದರೆ ಇದನ್ನು ಕೊಡುವ ಅಂತ ಸೆಪ್ಟೆಂಬರಿನಿಂದ ಸೊಂಟದಲ್ಲಿ ಕಟ್ಟಿಕೊಂಡಿದ್ದೆ."

"ಅತ್ತೆ..."

"ಬಾನಿಯ ಮುಚ್ಚಳ ತೆಗೆದದ್ದು, ಬಗ್ಗಿ ನೋಡಿದ್ದು, ಪುನಃ ಕಲ್ಲು ಇಟ್ಟದ್ದು, ಎಲ್ಲ ಈ ಕಿಟಕಿಯಿಂದ ಕಾಣುತ್ತದೆ ಸುಭಾ. ಎರಡು ಸಲ. ದೀಪ ಹೊಳೆಯುತ್ತಾ ಅಂತ ನೋಡುತ್ತಾಳೆ, ಪಾಪ, ಅಂದುಕೊಂಡೆ." ಅವರ ಧ್ವನಿ ಏರಲಿಲ್ಲ. "ಗೊತ್ತಿರಲಿಲ್ಲ ಅಂತ ನೀನು ಹೇಳಿದಾಗ ನನಗೆ ಅರ್ಥವಾಯಿತು. ಆದರೂ ಕಾದೆ. ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಅಂತ. ಅದನ್ನು ಪಕ್ಕದಲ್ಲಿಟ್ಟುಕೊಂಡು ಎಷ್ಟು ಊಟ ಉಂಡೆ, ಬಡಿಸಿದ್ದು ನೀನೇ ಅಲ್ವಾ."

"ಅವರು ವಿಠಲನ ವೀಸಾಕ್ಕೆ ಬೈಕು ಕೊಡುವವರಿದ್ದರು ಅತ್ತೆ. ನಾನು ಕೇಳಿದೆ. ನನ್ನನ್ನು ದನ ಅಂದರು."

"ಅವರು ಅಂದದ್ದು. ಉಪವಾಸ ಬಿದ್ದದ್ದು ನಾನು."

ಸುಭಾಷಿಣಿ ಅವರ ಕಾಲು ಮುಟ್ಟಲು ಬಗ್ಗಿದಳು. ಪಂಕಜಮ್ಮ ಕಾಲು ಹಿಂದೆ ತೆಗೆದುಕೊಂಡರು. ಬೆಂಡೋಲೆಗಳನ್ನು ಒಂದೊಂದಾಗಿ ಕಿವಿಗೆ ಹಾಕಿಕೊಂಡು, ತಿರುಪು ಬಿಗಿದು, ನೀರಿನ ಹಂಡೆಯಲ್ಲಿ ಮುಖ ನೋಡಿದರು.

"ಚೆನ್ನಾಗಿ ಕಾಣುತ್ತದಾ?"

ಸುಭಾಷಿಣಿ ಪುನಃ ಅಕ್ಕಿಗೆ ಕೈ ಹಾಕಿದಳು.

"ಅವರಿಗೆ ನಾನು ಹೇಳುವುದಿಲ್ಲ. ಹೇಳಿದರೆ ನಿನ್ನನ್ನು ಹೊರಗೆ ಹಾಕುತ್ತಾರೆ. ಆಮೇಲೆ ನೀರು ಸೇದುವುದು ಯಾರು?" ಎಂದು ಪಂಕಜಮ್ಮ ಬತ್ತಿ ಹೊಸೆಯಲು ಕೂತರು.

ಸಂಜೆ ರಾಯರು ಎದ್ದು ಬಂದು ಹೇಳಿದರು: "ಸುಭಾಷಿಣೀ, ನಾಳೆ ಹೊರಡುವ. ಬೈಲೂರಿನಲ್ಲಿ ಇನ್ನೊಂದು ಬಿ.ಎಸ್.ಎ. ಉಂಟಂತೆ. ಮನೆಯವನು ಹೋಗಿ ತಿಂಗಳಾಗಿಲ್ಲ. ಹೆಂಡತಿ ಸ್ವರ್ಣಲತಾ ಅಂತ, ನಿನ್ನದೇ ಪ್ರಾಯ. ಬೇಗ ಹೋದರೆ ಒಳ್ಳೆಯದು, ಬೇರೆಯವರು ಕಣ್ಣು ಹಾಕಿಯಾರು."

ಮೂವತ್ತನೆಯ ತಾರೀಖು ಬೆಳಿಗ್ಗೆ ಉಡುಪಿಯಲ್ಲಿ ಗ್ಯಾಸ್ಕೆಟ್ ಕಾಗದ ಕೊಂಡು ಅವರು ಕಾರ್ಕಳದ ಬಸ್ಸು ಹತ್ತಿದರು. ಮಣಿಪಾಲದಲ್ಲಿ ಬಸ್ಸು ಐದು ನಿಮಿಷ ನಿಂತಿತು. ಫೈಲು ಹಿಡಿದ ಹುಡುಗಿಯರು ಇಳಿದರು. ಕಿಟಕಿಯ ಪಕ್ಕ ಬಿಳಿ ಸೀರೆಯಲ್ಲಿ ಕೂತಿದ್ದವಳನ್ನು ಒಬ್ಬಳು ತಿರುಗಿ ನೋಡಿ ಮುಂದೆ ಹೋದಳು. ಕಂಡಕ್ಟರ್ ಸೀಟಿ ಊದಿದ. ರಾಯರು ಬೆಳಗ್ಗಿನ ಗಂಜಿಯ ತೇಗು ತೇಗಿದರು.

ಬೈಲೂರಿನ ಆ ಮನೆಯ ಅಂಗಳದಲ್ಲಿ ಬೈಕು ಹಳೆಯ ಸೀರೆಯೊಂದನ್ನು ಹೊದ್ದು ನಿಂತಿತ್ತು. ಸೀರೆಗೆ ದೂಳು ಕೂತಿರಲಿಲ್ಲ. ದಿನಾ ಯಾರೋ ಕೊಡವುತ್ತಿದ್ದರು. ಒಳಗಿನಿಂದ ಬಂದ ಹೆಂಗಸಿನ ಹಣೆಯಲ್ಲಿ, ಬೊಟ್ಟು ಇಡುತ್ತಿದ್ದ ಜಾಗ ಸುತ್ತಲಿನ ಚರ್ಮಕ್ಕಿಂತ ಬೆಳ್ಳಗಿತ್ತು. ಅವಳು ಬೈಕಿನ ಮತ್ತು ಇವರ ನಡುವೆ ನಿಂತಳು.

"ಇದನ್ನು ಕೊಡುವುದಿಲ್ಲ. ಮೂರು ಜನ ಬಂದು ಕೇಳಿಹೋದರು" ಎಂದಳು.

ರಾಯರು ಕೊಡೆ ಮಡಚಿ, ತಲೆ ತಗ್ಗಿಸಿ, ಬಾಯಿ ತೆರೆದರು. ಅವರಿಗಿಂತ ಮೊದಲು ಸುಭಾಷಿಣಿ ಮುಂದೆ ಬಂದಳು.

"ನಾನು ಬೈಕು ಕೇಳಲಿಕ್ಕೆ ಬಂದದ್ದಲ್ಲ ಅಕ್ಕ. ನನ್ನ ಗಂಡನದ್ದೂ ಇದೇ ಬೈಕು. ಅವರು ಕಾಪುವಿನ ತಿರುವಿನಲ್ಲಿ ಬರುವಾಗಲೇ ನನಗೆ ಕೇಳುತ್ತಿತ್ತು. ಚಾಕ್ಕೆ ನೀರು ಇಡುತ್ತಿದ್ದೆ. ಗೇಟು ತೆಗೆಯುವಾಗ ಕುದಿಯುತ್ತಿತ್ತು." ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ಆ ಶಬ್ದ ಇನ್ನೊಮ್ಮೆ ಕೇಳಬೇಕು ಅಂತ ಆಸೆ. ಒಂದೇ ಒಂದು ಸಾಮಾನು ಇಲ್ಲ."

ಸ್ವರ್ಣಲತಾ ಅವಳ ಕೈ ಹಿಡಿದುಕೊಂಡಳು. ಬೈಕಿನ ಮೇಲಿನ ಸೀರೆ ತಾನೇ ಎಳೆದು ತೆಗೆದು, ಮಡಚಿ, ಎದೆಗೆ ಒತ್ತಿಕೊಂಡು ನಿಂತಳು.

ಸುಭಾಷಿಣಿ ಕುಕ್ಕುರುಗಾಲಲ್ಲಿ ಕೂತು, ಸೆರಗಿನ ತುದಿಯಿಂದ ಕಾರ್ಬುರೇಟರಿನ ಮೇಲಿನ ಗ್ರೀಸು ಒರಸಿ, ಅಂಕಿಗಳನ್ನು ಒಂದೊಂದಾಗಿ ನೋಡಿದಳು.

"ಇದೇ ನಂಬರು ಮಾವ. ಸ್ಪ್ಯಾನರು ಕೊಡಿ" ಎಂದಳು.